ಹದಿನಾರರ ಗೆಲುವು ಇಪ್ಪತ್ತೈದರ ಬಗ್ಗೆ ಏನು ಹೇಳುತ್ತದೆ?

2022ರ ಜನವರಿಯಲ್ಲಿ ಮೆಲ್ಬರ್ನ್‌ನಲ್ಲಿ ನಡೆದ ಆಸ್ಟ್ರೇಲಿಯನ್ ಓಪನ್ ಬಾಲಕರ ಸಿಂಗಲ್ಸ್ ಫೈನಲ್ ಮೂರೂವರೆ ಗಂಟೆಗೂ ಹೆಚ್ಚು ಕಾಲ ನಡೆಯಿತು. ಮೂರು ಸೆಟ್‌ಗಳ ಪಂದ್ಯಕ್ಕೆ ಇದು ಅಪರೂಪದ ಅವಧಿ. ಅಮೆರಿಕದ ಬ್ರೂನೊ ಕುಜುಹಾರ 7–6, 6–7, 7–5ರಿಂದ ಗೆದ್ದರು. ಸೋತ ಜೆಕ್ ಹುಡುಗ ಯಾಕುಬ್ ಮೆನ್ಷಿಕ್ ಸ್ನಾಯುಸೆಳೆತದಿಂದ ಅಂಗಳದಲ್ಲೇ ಕುಸಿದು, ಗಾಲಿಕುರ್ಚಿಯಲ್ಲಿ ಹೊರಗೆ ಹೋಗಬೇಕಾಯಿತು. ಇದಾಗಿ ಮೂರು ವರ್ಷ ಕಳೆದ ಮೇಲೆ, 2025ರ ಮಾರ್ಚ್‌ನಲ್ಲಿ, ಮಯಾಮಿ ಮಾಸ್ಟರ್ಸ್ ಫೈನಲ್‌ನಲ್ಲಿ ತಮ್ಮ ನೂರನೇ ಪ್ರಶಸ್ತಿಗಾಗಿ ಆಡುತ್ತಿದ್ದ ನೊವಾಕ್ ಜೊಕೊವಿಚ್ ಅವರನ್ನು ಎರಡು ಟೈಬ್ರೇಕ್‌ಗಳಲ್ಲಿ (ಸೆಟ್ 6–6ರಲ್ಲಿ ಸಮವಾದಾಗ ಅದನ್ನು ತೀರ್ಮಾನಿಸುವ ಗೇಮ್) ಮಣಿಸಿದವರು ಹತ್ತೊಂಬತ್ತರ ಹರೆಯದ ಅದೇ ಮೆನ್ಷಿಕ್. ಕುಜುಹಾರ ಆ ಹೊತ್ತಿಗೂ ಕೆಳಹಂತದ ವೃತ್ತಿಪರ ಟೂರ್ನಿಗಳಲ್ಲಿ ರ‍್ಯಾಂಕಿಂಗ್ ಪಾಯಿಂಟ್‌ಗಳಿಗಾಗಿ ಹೆಣಗುತ್ತಿದ್ದರು.

ಕಿರಿಯರ ಟೆನಿಸ್ ಅನ್ನು ಬೆನ್ನುಹತ್ತಿ ನೋಡುವವರು ಇಂಥ ಫೈನಲ್‌ಗಳ ಮರುದಿನವೇ ವಾದಕ್ಕೆ ಇಳಿಯುತ್ತಾರೆ. ಇವರಲ್ಲಿ ಯಾರು ಮುಂದೆ ಅಗ್ರ ಹತ್ತರೊಳಗೆ ಬರುತ್ತಾರೆ, ಯಾರ ಬ್ಯಾಕ್‌ಹ್ಯಾಂಡ್ ವೃತ್ತಿಪರ ವೇಗಕ್ಕೆ ನಿಲ್ಲುತ್ತದೆ, ಯಾರಿಗೆ ಗೆಲ್ಲುವ ಛಲವಿದೆ ಎಂಬ ಈ ವಾದದಲ್ಲಿ ಖುಷಿಯಿದೆ, ಅದನ್ನು ಅಲ್ಲಗಳೆಯಲಾರೆ. ಆದರೆ ವಾದಿಸುವವರು ಸಾಮಾನ್ಯವಾಗಿ ಎರಡು ಬೇರೆ ಬೇರೆ ಪ್ರಶ್ನೆಗಳನ್ನು ಒಂದೇ ಎಂದು ಹಿಡಿದು ಮಾತನಾಡುತ್ತಾರೆ. ಈ ಹುಡುಗ ಇವತ್ತು ಎಷ್ಟು ಚೆನ್ನಾಗಿ ಆಡುತ್ತಾನೆ ಎಂಬುದು ಮೊದಲ ಪ್ರಶ್ನೆ. ಇನ್ನು ಎಷ್ಟು ಸುಧಾರಿಸಬಲ್ಲ ಎಂಬುದು ಎರಡನೆಯದು. ಪಂದ್ಯದ ಫಲಿತಾಂಶ ಮೊದಲನೆಯದನ್ನು ಅಳೆಯುತ್ತದೆ, ಅದನ್ನೂ ಅಷ್ಟು ಕರಾರುವಾಕ್ಕಾಗಿ ಅಲ್ಲ. ಎರಡನೆಯದರ ಬಗ್ಗೆ ಅದು ಬಹುಮಟ್ಟಿಗೆ ಮೌನವಾಗಿರುತ್ತದೆ.

ಮೊದಲನೆಯದನ್ನೂ ಫಲಿತಾಂಶ ಸರಿಯಾಗಿ ಅಳೆಯುವುದಿಲ್ಲ ಎನ್ನುವುದಕ್ಕೆ ಟೆನಿಸ್‌ನ ಅಂಕಪದ್ಧತಿಯೇ ಕಾರಣ. ಪಾಯಿಂಟ್‌ಗಳು ಸೇರಿ ಗೇಮ್, ಗೇಮ್‌ಗಳು ಸೇರಿ ಸೆಟ್, ಸೆಟ್‌ಗಳು ಸೇರಿ ಪಂದ್ಯ ಆಗುವ ಈ ಏರ್ಪಾಡಿನಲ್ಲಿ ಸಣ್ಣ ಅಂತರ ಹಂತಹಂತವಾಗಿ ಹಿಗ್ಗುತ್ತಾ ಹೋಗುತ್ತದೆ. ಸರ್ವ್ ಯಾರದೇ ಇರಲಿ, ಪ್ರತಿ ಪಾಯಿಂಟ್ ಗೆಲ್ಲುವ ಸಾಧ್ಯತೆ ಒಂದೇ ಎಂದು ಸರಳವಾಗಿ ಇಟ್ಟುಕೊಂಡು ಲೆಕ್ಕ ಹಾಕಿದರೆ, ನೂರಕ್ಕೆ 51 ಪಾಯಿಂಟ್ ಗೆಲ್ಲುವ ಆಟಗಾರ ಮೂರು ಸೆಟ್‌ಗಳ ಪಂದ್ಯವನ್ನು ಸುಮಾರು ಶೇ 60ರಷ್ಟು ಸಲ ಗೆಲ್ಲುತ್ತಾನೆ. ಅದು 52 ಆದರೆ ಪಂದ್ಯ ಗೆಲ್ಲುವ ಸಾಧ್ಯತೆ ಶೇ 70ಕ್ಕೂ, 55 ಆದರೆ ಶೇ 90ರ ಆಸುಪಾಸಿಗೂ ಏರುತ್ತದೆ. ರೋಜರ್ ಫೆಡರರ್ 2024ರಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ಪದವಿ ಪ್ರದಾನ ಸಮಾರಂಭದಲ್ಲಿ ತಮ್ಮದೇ ಅಂಕಿಅಂಶವನ್ನು ಮುಂದಿಟ್ಟಿದ್ದರು: ಆಡಿದ 1,526 ಸಿಂಗಲ್ಸ್ ಪಂದ್ಯಗಳಲ್ಲಿ ಸುಮಾರು ಶೇ 80ರಷ್ಟನ್ನು ಗೆದ್ದಿದ್ದರೂ, ಗೆದ್ದ ಪಾಯಿಂಟ್‌ಗಳ ಪ್ರಮಾಣ ಕೇವಲ ಶೇ 54. ಹೀಗಿರುವಾಗ ಎರಡು ಟೈಬ್ರೇಕ್ ಕಂಡು, ಮೂರನೇ ಸೆಟ್‌ನಲ್ಲಿ 7–5ಕ್ಕೆ ಮುಗಿದ ಒಂದು ಫೈನಲ್ ಗೆದ್ದವನನ್ನು ಸೋತವನಿಗಿಂತ ಉತ್ತಮ ಆಟಗಾರನೆಂದು ಹೇಳಲು ಸಾಕಾಗುವ ಪುರಾವೆಯೇ ಅಲ್ಲ. ಟ್ರೋಫಿ ಒಬ್ಬರ ಕೈಗೆ ಹೋಯಿತು ಎಂಬುದಷ್ಟೇ ಖಚಿತ.

ಇನ್ನು ದೇಹದ ವಿಷಯ. ಗಂಡುಮಕ್ಕಳು ಅತಿ ವೇಗವಾಗಿ ಎತ್ತರ ಬೆಳೆಯುವುದು ಸರಾಸರಿ 14ನೇ ವಯಸ್ಸಿನಲ್ಲಿ, ಹೆಣ್ಣುಮಕ್ಕಳು 12ರ ಸುಮಾರಿಗೆ. ಆದರೆ ಇದು ಸರಾಸರಿ ಮಾತ್ರ. ಒಂದೇ ವರ್ಷ ಹುಟ್ಟಿದ ಇಬ್ಬರು ಹುಡುಗರಲ್ಲಿ ಒಬ್ಬನ ಮೂಳೆಗಳು ಎರಡು ವರ್ಷ ಮುಂದೆ, ಇನ್ನೊಬ್ಬನದು ಒಂದು ವರ್ಷ ಹಿಂದೆ ಇರುವುದು ಸಾಮಾನ್ಯ ಸಂಗತಿ. ಎಡಗೈ ಮಣಿಕಟ್ಟಿನ ಎಕ್ಸ್‌ರೇಯಲ್ಲಿ ಮೂಳೆಗಳು ಎಷ್ಟು ಬಲಿತಿವೆ ಎಂದು ನೋಡಿ ವೈದ್ಯರು ಈ ಜೈವಿಕ ವಯಸ್ಸನ್ನು ಅಂದಾಜಿಸುತ್ತಾರೆ. ಎಕ್ಸ್‌ರೇ ಬೇಡವೆಂದಾಗ ನಿಂತ ಎತ್ತರ, ಕುಳಿತ ಎತ್ತರ, ತೂಕ ಮತ್ತು ವಯಸ್ಸನ್ನು ಸೂತ್ರಕ್ಕೆ ಹಾಕಿ, ಬೆಳವಣಿಗೆಯ ಆ ಜಿಗಿತ ಮುಗಿದಿದೆಯೋ ಇನ್ನೂ ಬರಬೇಕಿದೆಯೋ ಎಂದು ತಿಳಿಯುವ ಕ್ರಮವೂ ಇದೆ. ಹದಿನಾಲ್ಕರ ವಿಭಾಗದಲ್ಲಿ ಟ್ರೋಫಿಗಳನ್ನು ಬಾಚುವ ಹುಡುಗ ಕೆಲವೊಮ್ಮೆ ಆಗಲೇ ಬೆಳೆದು ಮುಗಿಸಿದ ಹುಡುಗನಾಗಿರುತ್ತಾನೆ. ಉಳಿದವರು ಅವನ ಎತ್ತರಕ್ಕೆ ಬಂದ ದಿನ ಆ ಅನುಕೂಲ ಇರುವುದಿಲ್ಲ.

ಎತ್ತರ ಇಷ್ಟು ಮುಖ್ಯವೇ ಎಂದು ಕೇಳಬಹುದು. ಸರ್ವ್‌ನ ಜ್ಯಾಮಿತಿಯನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಸರ್ವ್ ಮಾಡುವವರು ನಿಲ್ಲುವ ಬೇಸ್‌ಲೈನ್‌ನಿಂದ ನೆಟ್‌ಗೆ 11.885 ಮೀಟರ್, ನೆಟ್‌ನಿಂದ ಸರ್ವಿಸ್ ಗೆರೆಗೆ 6.40 ಮೀಟರ್, ನಡುವಿನಲ್ಲಿ ನೆಟ್‌ನ ಎತ್ತರ 0.914 ಮೀಟರ್. ಗುರುತ್ವಾಕರ್ಷಣೆ ಮತ್ತು ಸ್ಪಿನ್ ಎರಡನ್ನೂ ಪಕ್ಕಕ್ಕಿಟ್ಟು, ಚೆಂಡು ನೇರ ಗೆರೆಯಲ್ಲಿ ಹೋಗುತ್ತದೆ ಎಂದುಕೊಳ್ಳಿ. ನೆಲದಿಂದ 2.65 ಮೀಟರ್ ಎತ್ತರದಲ್ಲಿ ಚೆಂಡನ್ನು ಹೊಡೆಯುವ ಆಟಗಾರನಿಗೆ, ನೆಟ್ ದಾಟಿಯೂ ಸರ್ವಿಸ್ ಗೆರೆಯೊಳಗೇ ಬೀಳಿಸಲು ಸಿಗುವ ಜಾಗ ಸುಮಾರು 14 ಸೆಂಟಿಮೀಟರ್ ಮಾತ್ರ. ಹೊಡೆಯುವ ಬಿಂದು 2.90 ಮೀಟರ್‌ಗೆ ಏರಿದರೆ ಆ ಜಾಗ 93 ಸೆಂಟಿಮೀಟರ್ ಆಗುತ್ತದೆ. ಇಪ್ಪತ್ತೈದು ಸೆಂಟಿಮೀಟರ್ ಎತ್ತರ ಹೆಚ್ಚಿದ್ದಕ್ಕೆ ಆರು ಪಟ್ಟಿಗೂ ಹೆಚ್ಚು ಅವಕಾಶ! ವಾಸ್ತವದಲ್ಲಿ ಗುರುತ್ವಾಕರ್ಷಣೆಯೂ ಟಾಪ್‌ಸ್ಪಿನ್ನೂ ಚೆಂಡನ್ನು ಕೆಳಕ್ಕೆ ಎಳೆದು ಕುಳ್ಳಗಿನವರಿಗೆ ನೆರವಾಗುತ್ತವೆ, ಇಲ್ಲದಿದ್ದರೆ ಅವರಲ್ಲಿ ತೀರಾ ಕುಳ್ಳಗಿನವರಿಗೆ ಸರ್ವ್ ಒಳಗೆ ಹಾಕುವುದೇ ಆಗುತ್ತಿರಲಿಲ್ಲ. ಆದರೂ ಜೋರಾಗಿ ಹೊಡೆದು ಒಳಗೆ ಹಾಕುವ ಸಲೀಸು ಎತ್ತರದವರದೇ. ಮೆಲ್ಬರ್ನ್‌ನ ಆ ಫೈನಲ್‌ನಲ್ಲಿ ಮೆನ್ಷಿಕ್ ಎದುರಾಳಿಗಿಂತ ಹತ್ತಿರ ಹತ್ತಿರ ಒಂದು ಗೇಣಿನಷ್ಟು ಎತ್ತರವಿದ್ದರು, ಮೇಲಾಗಿ ಒಂದು ವರ್ಷಕ್ಕೂ ಹೆಚ್ಚು ಚಿಕ್ಕವರು. ಸೆಳೆತದಿಂದ ಕುಸಿದದ್ದು ಹದಿನಾರರ ದೇಹ, ಅದಕ್ಕಿನ್ನೂ ಬಲ ತುಂಬಿರಲಿಲ್ಲ. ಆ ಸರ್ವ್ ಮಾತ್ರ ಮುಂದೆಯೂ ಜೊತೆಗಿರುವಂಥದ್ದು.

ವಯಸ್ಸಿನ ಈ ಅಂತರಕ್ಕೆ ಇನ್ನೊಂದು ಮುಖವಿದೆ. ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್ ಕಿರಿಯರ ಅರ್ಹತೆಯನ್ನು ಹುಟ್ಟಿದ ವರ್ಷದಿಂದ ಲೆಕ್ಕ ಹಾಕುತ್ತದೆ. ಹಾಗಾಗಿ ಜನವರಿಯಲ್ಲಿ ಹುಟ್ಟಿದವಳೂ ಡಿಸೆಂಬರ್‌ನಲ್ಲಿ ಹುಟ್ಟಿದವಳೂ ಕಾಗದದ ಮೇಲೆ ಸಮವಯಸ್ಕರು. ಹನ್ನೆರಡರ ವಯಸ್ಸಿನಲ್ಲಿ ಹನ್ನೊಂದು ತಿಂಗಳೆಂದರೆ ಬದುಕಿನ ಸುಮಾರು ಹದಿಮೂರನೇ ಒಂದು ಭಾಗ! ಕೆನಡಾದ ಐಸ್ ಹಾಕಿ ತಂಡಗಳಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ತುಂಬಿರುವುದನ್ನು 1980ರ ದಶಕದಲ್ಲಿ ಗುರುತಿಸಿದ ಮೇಲೆ, ಇದೇ ಒಲವು ಟೆನಿಸ್‌ನ ಕಿರಿಯರ ಪಟ್ಟಿಗಳಲ್ಲೂ ಮತ್ತೆ ಮತ್ತೆ ಕಂಡುಬಂದಿದೆ. ಇದರ ಪರಿಣಾಮ ಅಂಗಳದಲ್ಲಿ ಮುಗಿಯುವುದಿಲ್ಲ. ತುಸು ದೊಡ್ಡ ಮಗು ಗೆಲ್ಲುತ್ತದೆ, ಗೆದ್ದದ್ದಕ್ಕೆ ಒಳ್ಳೆಯ ಕೋಚ್ ಸಿಗುತ್ತಾರೆ, ಪ್ರಾಯೋಜಕರು ಬರುತ್ತಾರೆ, ವಿದೇಶ ಪ್ರವಾಸದ ಅವಕಾಶ ಬರುತ್ತದೆ. ಆರಂಭದ ಹನ್ನೊಂದು ತಿಂಗಳು ಹೀಗೆ ಬೇರೆ ರೂಪದಲ್ಲಿ ಬಡ್ಡಿಸಮೇತ ಉಳಿದುಬಿಡುತ್ತದೆ.

ಕಿರಿಯರ ರ‍್ಯಾಂಕಿಂಗ್ ಅನ್ನೇ ಪ್ರಮಾಣವೆಂದು ಎತ್ತಿ ಹಿಡಿಯುವವರಿಗೆ ಅದನ್ನು ಲೆಕ್ಕ ಹಾಕುವ ಬಗೆಯನ್ನೊಮ್ಮೆ ನೋಡಿ ಎನ್ನಬೇಕೆನಿಸುತ್ತದೆ. ಸಿಂಗಲ್ಸ್‌ನ ಆರು ಅತ್ಯುತ್ತಮ ಫಲಿತಾಂಶಗಳ ಪಾಯಿಂಟ್‌ಗಳಿಗೆ ಡಬಲ್ಸ್‌ನ ಆರು ಅತ್ಯುತ್ತಮ ಫಲಿತಾಂಶಗಳ ಕಾಲು ಭಾಗ ಸೇರಿಸಿದ ಮೊತ್ತ ಅದು. ವರ್ಷಕ್ಕೆ ಇಪ್ಪತ್ತೈದು ಟೂರ್ನಿ ಆಡಬಲ್ಲ ಮನೆಯ ಹುಡುಗಿಗೆ ಆರು ಒಳ್ಳೆಯ ವಾರಗಳು ಸಿಗುವ ಸಂಭವ, ಎಂಟು ಟೂರ್ನಿಗಷ್ಟೇ ದುಡ್ಡು ಹೊಂದಿಸಬಲ್ಲ ಮನೆಯವಳಿಗಿಂತ ಹೆಚ್ಚು. ಭೌತಶಾಸ್ತ್ರದ ಪ್ರಾಧ್ಯಾಪಕ ಅರ್ಪಾಡ್ ಎಲೊ ಚೆಸ್‌ಗಾಗಿ ರೂಪಿಸಿದ ಪದ್ಧತಿ ಈ ವಿಷಯದಲ್ಲಿ ಹೆಚ್ಚು ನ್ಯಾಯವಾದುದು. ಎದುರಾಳಿಯ ಬಲ ಅದರ ಲೆಕ್ಕದೊಳಗೇ ಇರುತ್ತದೆ. ಇಬ್ಬರ ನಡುವೆ 200 ಅಂಕಗಳ ಅಂತರವಿದ್ದರೆ ಮೇಲಿನವರಿಂದ ಶೇ 76ರಷ್ಟು ಯಶಸ್ಸನ್ನು ನಿರೀಕ್ಷಿಸಬೇಕು. ತನಗಿಂತ ಬಹಳ ಮೇಲಿನವರನ್ನು ಸೋಲಿಸಿದರೆ ಅಂಕ ಹೆಚ್ಚು ಏರುತ್ತದೆ, ದುರ್ಬಲರನ್ನು ಸೋಲಿಸಿದರೆ ಏರಿಕೆ ನಾಮಮಾತ್ರ. ಹದಿನಾರು ವರ್ಷದವರು ವೃತ್ತಿಪರರ ಎದುರು ಆಡಿದ ಪಂದ್ಯಗಳನ್ನೂ ಇದರಲ್ಲಿ ಸೇರಿಸಿ ನೋಡಿದರೆ ಚಿತ್ರ ಸ್ಪಷ್ಟವಾಗತೊಡಗುತ್ತದೆ.

ಆ ಚಿತ್ರವಿಲ್ಲದೆ ಕಿರಿಯರ ರ‍್ಯಾಂಕಿಂಗ್ ಅನ್ನಷ್ಟೇ ನಂಬಿದ್ದವರಿಗೆ ಏನು ಕಂಡಿರುತ್ತಿತ್ತು? ಫೆಡರರ್ 1998ರಲ್ಲಿ ವಿಶ್ವದ ನಂಬರ್ ಒನ್ ಕಿರಿಯ, ಅಲ್ಲಿಗೆ ಊಹೆ ಸರಿ. ಜೊಕೊವಿಚ್ ತಲುಪಿದ ಅತ್ಯುನ್ನತ ಕಿರಿಯರ ಸ್ಥಾನ 24, ಕಾರ್ಲೋಸ್ ಅಲ್ಕರಾಜ್ ಅವರದು 22. ಹದಿಮೂರರವರೆಗೂ ಸ್ಕೀಯಿಂಗ್ ಜೊತೆಗಿಟ್ಟುಕೊಂಡಿದ್ದ ಯಾನಿಕ್ ಸಿನ್ನರ್ ಕಿರಿಯರ ಪಟ್ಟಿಯಲ್ಲಿ 133ಕ್ಕಿಂತ ಮೇಲೆ ಬರಲೇ ಇಲ್ಲ. ಕಿರಿಯರ ಟೂರ್ನಿಗಳನ್ನು ಬಿಟ್ಟು ನೇರ ವೃತ್ತಿಪರ ಟೂರ್ನಿಗಳಿಗೆ ಹೋದದ್ದು ಅದಕ್ಕೆ ಮುಖ್ಯ ಕಾರಣ. ಇನ್ನೊಂದು ಕಡೆ, 2005ರ ಕಿರಿಯರ ನಂಬರ್ ಒನ್ ಡೊನಾಲ್ಡ್ ಯಂಗ್ ವೈಲ್ಡ್‌ಕಾರ್ಡ್‌ಗಳ (ಆಯೋಜಕರು ನೇರವಾಗಿ ಕೊಡುವ ಪ್ರವೇಶ) ಮೇಲೆ ವೈಲ್ಡ್‌ಕಾರ್ಡ್ ಪಡೆದು ಹಿರಿಯರ ಎದುರು ಸಾಲುಸಾಲಾಗಿ ಸೋತು, ಕೊನೆಗೆ 38ನೇ ಸ್ಥಾನ ಮುಟ್ಟಿದರು. 2013ರ ವಿಂಬಲ್ಡನ್ ಬಾಲಕರ ಚಾಂಪಿಯನ್ ಇಟಲಿಯ ಜಾನ್‌ಲುಯಿಜಿ ಕ್ವಿಂಜಿ ಅಗ್ರ ನೂರರೊಳಗೆ ಬಾರದೆಯೇ ಇಪ್ಪತ್ತೈದಕ್ಕೆ ನಿವೃತ್ತರಾದರು. ಅಂದು ಅವರಿಗೆ ಫೈನಲ್‌ನಲ್ಲಿ ಸೋತಿದ್ದ ಕೊರಿಯಾದ ಚುಂಗ್ ಹ್ಯೊನ್ 2018ರ ಆಸ್ಟ್ರೇಲಿಯನ್ ಓಪನ್‌ನಲ್ಲಿ ಜೊಕೊವಿಚ್ ಅವರನ್ನು ಸೋಲಿಸಿ ಸೆಮಿಫೈನಲ್‌ಗೆ ಬಂದರು, ಆಮೇಲೆ ಗಾಯಗಳಿಂದ ಕಂಗೆಟ್ಟರು. 38ನೇ ಸ್ಥಾನವನ್ನು ವೈಫಲ್ಯ ಎನ್ನುವುದೂ ಅಭಿಮಾನಿಗಳ ದುರಾಸೆಯೇ ಎಂಬುದನ್ನು ಇಲ್ಲಿ ಹೇಳಿಬಿಡಬೇಕು.

ಒಲಿದು ಬಂದ ಹೆಸರುಗಳನ್ನು ಹೀಗೆ ಆಯ್ದು ಪಟ್ಟಿ ಮಾಡಿದರೆ ಯಾವ ವಾದವನ್ನೂ ಗೆಲ್ಲಿಸಬಹುದು. 1983ರಲ್ಲಿ ನಾಲ್ಕೂ ಕಿರಿಯರ ಗ್ರ್ಯಾನ್‌ಸ್ಲಾಮ್ ಗೆದ್ದ ಸ್ಟೀಫನ್ ಎಡ್ಬರ್ಗ್ ಮುಂದೆ ಆರು ಹಿರಿಯರ ಗ್ರ್ಯಾನ್‌ಸ್ಲಾಮ್ ಗೆದ್ದರು ಎಂದು ಎದುರುವಾದಿ ಕೂಡಲೇ ಹೇಳಬಹುದು. ಆದ್ದರಿಂದ ಇಬ್ಬರು ಮೂವರ ಕಥೆಗಿಂತ ಹೋಲಿಕೆಯ ಅಧ್ಯಯನ ಬೇಕು. ಎಡ್ಬರ್ಗ್ ಕಾಲದ ಸ್ವೀಡನ್‌ನಲ್ಲೇ ಅಂಥದೊಂದು ನಡೆಯಿತು. ರೋಲ್ಫ್ ಕಾರ್ಲ್ಸನ್ ಎಂಬ ಸಂಶೋಧಕ ಆ ದೇಶದ ಹತ್ತು ಮಂದಿ ಅತ್ಯುನ್ನತ ಆಟಗಾರರನ್ನು, ಎಳವೆಯಲ್ಲಿ ಅವರಷ್ಟೇ ಚೆನ್ನಾಗಿ ಆಡುತ್ತಿದ್ದು ಮುಂದೆ ಆ ಮಟ್ಟ ಮುಟ್ಟದ ಹತ್ತು ಮಂದಿಯೊಡನೆ ಹೋಲಿಸಿ 1988ರಲ್ಲಿ ಪ್ರಕಟಿಸಿದರು. ಹನ್ನೆರಡು–ಹದಿನಾಲ್ಕರವರೆಗೆ ಎರಡನೇ ಗುಂಪು ಮೊದಲನೆಯದಕ್ಕಿಂತ ಏನೂ ಕಡಿಮೆ ಇರಲಿಲ್ಲ. ವ್ಯತ್ಯಾಸ ಇದ್ದದ್ದು ಬೇರೆಡೆ: ಮುಂದೆ ಬಂದವರು ಹದಿನಾಲ್ಕರ ಸುಮಾರಿನ ತನಕ ಬೇರೆ ಆಟಗಳನ್ನೂ ಆಡುತ್ತಿದ್ದರು, ಹಿಂದುಳಿದವರು ಅದಕ್ಕೂ ಮುಂಚೆಯೇ ಟೆನಿಸ್ ಒಂದಕ್ಕೇ ಅಂಟಿಕೊಂಡು ಹೆಚ್ಚು ಗಂಟೆ ಅಭ್ಯಾಸ ಮಾಡುತ್ತಿದ್ದರು. ಇಪ್ಪತ್ತು ಜನರ ಅಧ್ಯಯನ ಚಿಕ್ಕದು ನಿಜ, ಅದರಿಂದ ನಿಯಮ ಕಟ್ಟಲಾಗದು. ಆದರೆ ಹನ್ನೆರಡರ ಹುಡುಗನ ಫಲಿತಾಂಶ ನೋಡುವಾಗ ಅದರ ಹಿಂದೆ ಎಷ್ಟು ಸಾವಿರ ಗಂಟೆಗಳಿವೆ ಎಂದು ಕೇಳುವುದನ್ನು ಅದು ಕಲಿಸಿತು. ಕಡಿಮೆ ಅಭ್ಯಾಸದಲ್ಲಿ ಅದೇ ಮಟ್ಟ ಮುಟ್ಟಿದವನಿಗೆ ಮುಂದೆ ಸುಧಾರಿಸಲು ಹೆಚ್ಚು ಜಾಗವಿದೆ.

ಹೆಣ್ಣುಮಕ್ಕಳ ಟೆನಿಸ್‌ನಲ್ಲಿ ಎಲ್ಲವೂ ಬೇಗ ನಡೆಯುತ್ತದೆ, ದೇಹ ಬೇಗ ಬಲಿಯುವುದರಿಂದ ಊಹೆಯೂ ತುಸು ಬೇಗ ಫಲಿಸುತ್ತದೆ. 2018ರಲ್ಲಿ ಹದಿನಾಲ್ಕರಲ್ಲಿ ಫ್ರೆಂಚ್ ಓಪನ್ ಬಾಲಕಿಯರ ಪ್ರಶಸ್ತಿ ಗೆದ್ದ ಕೊಕೊ ಗಾಫ್ 2023ರಲ್ಲಿ ಅಮೆರಿಕ ಓಪನ್ ಗೆದ್ದರು. ಆದರೆ ಈ ವೇಗಕ್ಕೆ ತೆತ್ತ ಬೆಲೆಯೂ ಇದೆ. ಜೆನಿಫರ್ ಕಾಪ್ರಿಯಾಟಿ 1990ರಲ್ಲಿ ಹದಿಮೂರರಲ್ಲೇ ವೃತ್ತಿಪರರಾಗಿ, 1992ರಲ್ಲಿ ಒಲಿಂಪಿಕ್ ಚಿನ್ನ ಗೆದ್ದು, ಹದಿಹರೆಯ ಮುಗಿಯುವ ಮೊದಲೇ ಆಟದಿಂದ ದೂರ ಸರಿದದ್ದು ಹದಿನೆಂಟರೊಳಗಿನವರು ವರ್ಷಕ್ಕೆ ಆಡುವ ಟೂರ್ನಿಗಳಿಗೆ ಮಿತಿ ಬರಲು ಒಂದು ಮುಖ್ಯ ಕಾರಣ. ಅವರು ಮರಳಿ ಬಂದು 2001ರಲ್ಲಿ ಆಸ್ಟ್ರೇಲಿಯನ್ ಓಪನ್ ಗೆದ್ದದ್ದನ್ನು ಯಾವ ಲೆಕ್ಕಾಚಾರವೂ ಹೇಳಿರಲಿಲ್ಲ.

ಭಾರತಕ್ಕೆ ಬಂದರೆ, ನಮ್ಮ ಕಿರಿಯ ಚಾಂಪಿಯನ್‌ಗಳ ಸಾಲು ಸಣ್ಣದೇನಲ್ಲ: 1954ರಲ್ಲಿ ವಿಂಬಲ್ಡನ್ ಬಾಲಕರ ಪ್ರಶಸ್ತಿ ಗೆದ್ದ ರಾಮನಾಥನ್ ಕೃಷ್ಣನ್, 1979ರಲ್ಲಿ ಅದನ್ನೂ ಫ್ರೆಂಚ್ ಪ್ರಶಸ್ತಿಯನ್ನೂ ಗೆದ್ದ ಅವರ ಮಗ ರಮೇಶ್, 1990ರ ಲಿಯಾಂಡರ್ ಪೇಸ್, 2009ರಲ್ಲಿ ಆಸ್ಟ್ರೇಲಿಯಾದಲ್ಲಿ ಗೆದ್ದ ಯೂಕಿ ಭಾಂಬ್ರಿ. ಯೂಕಿ ಸಿಂಗಲ್ಸ್‌ನಲ್ಲಿ 83ರವರೆಗೆ ಏರಿದರು, ಮೊಣಕಾಲು ಅಷ್ಟಕ್ಕೇ ಬಿಟ್ಟಿತು. ಈ ಯಾವ ಸಾಲಿನಲ್ಲೂ ಕೊಡಗಿನ ರೋಹನ್ ಬೋಪಣ್ಣ ಅವರ ಹೆಸರಿಲ್ಲ. ಕಿರಿಯರಾಗಿದ್ದಾಗ ಅವರ ಮೇಲೆ ಜಗತ್ತಿನ ಕಣ್ಣು ಬಿದ್ದಿರಲಿಲ್ಲ. 2024ರ ಜನವರಿಯಲ್ಲಿ, 43ನೇ ವಯಸ್ಸಿನಲ್ಲಿ, ಅವರು ಆಸ್ಟ್ರೇಲಿಯನ್ ಓಪನ್ ಪುರುಷರ ಡಬಲ್ಸ್ ಗೆದ್ದು ವಿಶ್ವದ ನಂಬರ್ ಒನ್ ಆದರು.

ಹಾಗಾದರೆ ವಾದಿಸುವುದನ್ನೇ ಬಿಡಬೇಕೆ? ಬಿಡಬೇಕಿಲ್ಲ, ವಾದದ ರೂಪ ಬದಲಾದರೆ ಸಾಕು. ‘ಇವನು ಮುಂದಿನ ಅಲ್ಕರಾಜ್’ ಎಂಬ ಮಾತನ್ನು ಯಾವತ್ತೂ ಪರೀಕ್ಷಿಸಲಾಗದು. ‘ಇವನು 23 ತುಂಬುವುದರೊಳಗೆ ಅಗ್ರ ನೂರಕ್ಕೆ ಬರುವ ಸಾಧ್ಯತೆ ಶೇ 40’ ಎಂಬುದನ್ನು ಪರೀಕ್ಷಿಸಬಹುದು. ಮಳೆಯ ಮುನ್ಸೂಚನೆಗಳನ್ನು ಅಳೆಯಲು ಅಮೆರಿಕದ ಹವಾಮಾನ ತಜ್ಞ ಗ್ಲೆನ್ ಬ್ರಯರ್ 1950ರಲ್ಲಿ ಕೊಟ್ಟ ಅಳತೆಗೋಲು ಇಲ್ಲಿಗೂ ಹೊಂದುತ್ತದೆ: ಹೇಳಿದ ಸಾಧ್ಯತೆಗೂ ನಡೆದದ್ದಕ್ಕೂ (ನಡೆದರೆ 1, ಇಲ್ಲದಿದ್ದರೆ 0) ಇರುವ ಅಂತರವನ್ನು ಅದರಿಂದಲೇ ಗುಣಿಸಿದರೆ ಬರುವುದೇ ದಂಡ. ಶೇ 90 ಎಂದು ಎದೆ ತಟ್ಟಿ ಹೇಳಿದ್ದು ನಡೆಯದಿದ್ದರೆ ದಂಡ 0.81, ಶೇ 60 ಎಂದಿದ್ದರೆ 0.36, ಏನೂ ಗೊತ್ತಿಲ್ಲದೆ ಎಲ್ಲರಿಗೂ ಶೇ 50 ಎನ್ನುತ್ತಾ ಹೋದವನದು ಪ್ರತಿ ಸಲವೂ 0.25. ಹತ್ತು ವರ್ಷಗಳ ಊಹೆಗಳನ್ನು ಈ ಲೆಕ್ಕಕ್ಕೆ ಹಾಕಿದರೆ, ಅತಿ ಗಟ್ಟಿ ದನಿಯಲ್ಲಿ ವಾದಿಸುವ ಬಹಳಷ್ಟು ಮಂದಿ ಆ ಏನೂ ಗೊತ್ತಿಲ್ಲದವನಿಗಿಂತ ಹಿಂದೆ ಬೀಳುತ್ತಾರೆ ಎಂಬುದು ನನ್ನ ಅನುಮಾನ, ಮತ್ತು ಬಹುಶಃ ಅದಕ್ಕೇ ಯಾರೂ ತಮ್ಮ ಊಹೆಗೆ ದಿನಾಂಕವನ್ನೂ ಅಂಕಿಯನ್ನೂ ಬರೆದಿಡುವುದಿಲ್ಲ.