ಓದುಗರ ಪ್ರಶ್ನೆ: 9ಎಚ್ ಕೋಟಿಂಗ್ ಹಾಕಿದರೆ ಕಾರಿಗೆ ಗೀರು ಬೀಳುವುದಿಲ್ಲವೇ?

ಪ್ರಶ್ನೆ: ನಮ್ಮದೊಂದು 30×40 ಸೈಟು ಖಾಲಿ ಇದೆ, ಕೈಯಲ್ಲಿ ಸುಮಾರು ಮೂರು ಲಕ್ಷ ರೂಪಾಯಿ ಇದೆ. ಕಾರುಗಳನ್ನು ಒಳಗೂ ಹೊರಗೂ ಕೂಲಂಕಷವಾಗಿ ತೊಳೆದು ಹೊಳಪು ಕೊಡುವ ಕಾರ್ ಡಿಟೇಲಿಂಗ್ ಅಂಗಡಿ ಇಡಬೇಕೆಂದಿದ್ದೇನೆ. ವಾಟರ್ ಸರ್ವಿಸ್‌ನಲ್ಲಿ ಏನೂ ಗಿಟ್ಟುವುದಿಲ್ಲ, ನೇರವಾಗಿ ಸೆರಾಮಿಕ್ ಕೋಟಿಂಗ್‌ನಿಂದಲೇ (ಪೇಂಟಿನ ರಕ್ಷಣೆಗೆ ಅದರ ಮೇಲೆ ಹಚ್ಚುವ ತೆಳು ಪದರ) ಶುರು ಮಾಡು ಎಂದು ಸ್ನೇಹಿತರು ಹೇಳುತ್ತಾರೆ. 9ಎಚ್ ಕೋಟಿಂಗ್ ಹಾಕಿದರೆ ಐದು ವರ್ಷ ಗೀರೇ ಬೀಳುವುದಿಲ್ಲವಂತೆ. ಇದನ್ನು ನಂಬಿ ಬಂಡವಾಳ ಹಾಕಬಹುದೇ ಸರ್?

ಉತ್ತರ: ಈ ಪ್ರಶ್ನೆ ಬಾರದ ವಾರವಿಲ್ಲ. ಬರೆಯುವವರ ಊರು ಬದಲಾಗುತ್ತದೆ, ಕೈಯಲ್ಲಿರುವ ಮೊತ್ತ ಬದಲಾಗುತ್ತದೆ, ‘9ಎಚ್’ ಮಾತ್ರ ಹಾಗೆಯೇ ಉಳಿಯುತ್ತದೆ. ತುಮಕೂರಿನ ನಮ್ಮ ಅಂಗಡಿಗೆ ಬರುವ ಗ್ರಾಹಕರಿಗೂ ಇದನ್ನೇ ಹೇಳಿ ಹೇಳಿ ನನ್ನ ನಾಲಿಗೆ ಸವೆದಿದೆ. ಈ ಸಲ ಪೂರ್ತಿಯಾಗಿ ಬರೆದುಬಿಡುತ್ತೇನೆ; ಮುಂದೆ ಕೇಳುವವರಿಗೆ ಇದನ್ನೇ ಓದಲು ಕೊಡಬಹುದು.

ಬಂಡವಾಳದ ಮಾತನ್ನು ಮೊದಲು ಮುಗಿಸೋಣ, ಏಕೆಂದರೆ ಅದರಲ್ಲಿ ಹೆಚ್ಚು ಹೇಳುವಂಥದ್ದಿಲ್ಲ. ಜಾಗ ಸ್ವಂತದ್ದಾಗಿದ್ದರೆ ಮೂರು ಲಕ್ಷ ರೂಪಾಯಿ ಸಾಲುತ್ತದೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಹಣ ಯಂತ್ರಗಳಿಗಲ್ಲ, ನೆಲಕ್ಕೂ ಮಾಡಿಗೂ ಬೆಳಕಿಗೂ ಹೋಗುತ್ತದೆ ಎಂಬುದನ್ನು ಹೊಸಬರು ನಂಬುವುದಿಲ್ಲ. ಒಂದು ಕಾರನ್ನು ನಿಲ್ಲಿಸಿ ನಾಲ್ಕೂ ಬಾಗಿಲು ತೆರೆದು ಸುತ್ತಲೂ ಓಡಾಡಬೇಕಾದರೆ ಕನಿಷ್ಠ 12 ಅಡಿ ಅಗಲ, 20 ಅಡಿ ಉದ್ದ ಬೇಕು. ನೀರು ಒಂದೇ ಕಡೆಗೆ ಹರಿಯುವಂತೆ ನೆಲಕ್ಕೆ ಇಳಿಜಾರು ಬೇಕು. ಗೀರುಗಳು ಕಣ್ಣಿಗೆ ಬೀಳುವಂತೆ ಪಕ್ಕದ ಗೋಡೆಗಳ ಮೇಲೂ ದೀಪಗಳು ಬೇಕು. ಉಳಿದದ್ದರಲ್ಲಿ ಒಂದು ಪ್ರೆಶರ್ ವಾಷರ್, ನೀರನ್ನೂ ಧೂಳನ್ನೂ ಎಳೆಯುವ ಒಂದು ವ್ಯಾಕ್ಯೂಮ್, ಒಂದು ಡಿಎ ಪಾಲಿಶರ್ (ತಿರುಗುತ್ತಲೇ ಅತ್ತಿತ್ತ ಅಲುಗುವ, ಪೇಂಟಿಗೆ ಅಪಾಯ ಕಡಿಮೆ ಇರುವ ಪಾಲಿಶ್ ಯಂತ್ರ), ಪೇಂಟಿನ ದಪ್ಪ ಅಳೆಯುವ ಒಂದು ಮೀಟರ್, ಶಾಂಪೂ, ಮತ್ತು ನಿಮ್ಮ ಊಹೆಗಿಂತ ಮೂರು ಪಟ್ಟು ಹೆಚ್ಚು ಮೈಕ್ರೊಫೈಬರ್ ಬಟ್ಟೆಗಳನ್ನು ಕೊಳ್ಳಬಹುದು. ಜೋರಾಗಿ ತಿರುಗುವ ರೋಟರಿ ಯಂತ್ರವನ್ನು ಮೊದಲ ವರ್ಷ ಮುಟ್ಟಲೇಬೇಡಿ. ಗುಜರಿ ಅಂಗಡಿಯಿಂದ ಹಳೆಯ ಬಾನೆಟ್ ಒಂದನ್ನು ತಂದು, ಅದರ ಮೇಲೆ ಒಂದು ತಿಂಗಳು ಪಾಲಿಶ್ ಅಭ್ಯಾಸ ಮಾಡಿ, ಅಂಚಿನಲ್ಲಿ ಪೇಂಟು ಕಿತ್ತುಹೋಗುವುದು ಹೇಗೆಂದು ಒಮ್ಮೆ ಕಣ್ಣಾರೆ ಕಂಡ ಮೇಲೆ ಗ್ರಾಹಕರ ಕಾರಿಗೆ ಕೈ ಹಾಕಿ.

ಈಗ 9ಎಚ್ ವಿಚಾರಕ್ಕೆ ಬರೋಣ.

ಈ ‘ಎಚ್’ ವಜ್ರದ ಅಳತೆಗೆ ಸೇರಿದ್ದೆಂದು ಬಹಳ ಮಂದಿ ತಿಳಿದಿದ್ದಾರೆ. ಖನಿಜಗಳ ಗಡಸುತನವನ್ನು ಅಳೆಯುವ ಮೋಸ್ ಮಾಪಕದಲ್ಲಿ ವಜ್ರಕ್ಕೆ 10 ಇದೆ. ಹಾಗಾದರೆ 9 ಎಂದರೆ ವಜ್ರಕ್ಕಿಂತ ಒಂದೇ ಮೆಟ್ಟಿಲು ಕೆಳಗೆ ಎಂಬುದು ಅವರ ಲೆಕ್ಕ. ಕೋಟಿಂಗ್ ಮಾರುವವರೂ ಈ ತಪ್ಪು ತಿಳಿವಳಿಕೆಯನ್ನು ತಿದ್ದುವ ಗೋಜಿಗೆ ಹೋಗುವುದಿಲ್ಲ. ವಾಸ್ತವದಲ್ಲಿ ಈ ‘ಎಚ್’ ಶಾಲೆಯ ಡ್ರಾಯಿಂಗ್ ಪೆನ್ಸಿಲಿನ ಮೇಲೆ ಮುದ್ರಿಸಿರುವ ಅದೇ ‘ಎಚ್’. ಎಚ್‌ಬಿ, 2ಎಚ್, 2ಬಿ ಎಂದು ಮಕ್ಕಳಿಗೆ ಕೊಡಿಸುತ್ತೀರಲ್ಲ, ಆ ಸಾಲಿನಲ್ಲಿ ಅತ್ಯಂತ ಗಡಸಾದ ಪೆನ್ಸಿಲುಗಳಲ್ಲಿ ಒಂದು 9ಎಚ್. ಪೇಂಟಿನ ಪದರಗಳನ್ನು ಪರೀಕ್ಷಿಸಲು ಐಎಸ್‌ಒ 15184 ಎಂಬ ಮಾನಕವಿದೆ. ಪೆನ್ಸಿಲಿನ ತುದಿಯನ್ನು ಮರಳು ಕಾಗದದ ಮೇಲೆ ಉಜ್ಜಿ ಚಪ್ಪಟೆ ಮಾಡಿ, 45 ಡಿಗ್ರಿ ಕೋನದಲ್ಲಿ ಹಿಡಿದು, ಗೊತ್ತುಪಡಿಸಿದ ಭಾರದಲ್ಲಿ ಪದರದ ಮೇಲೆ ತಳ್ಳುತ್ತಾರೆ. ಪದರಕ್ಕೆ ಗಾಯ ಮಾಡದ ಅತಿ ಗಡಸಾದ ಪೆನ್ಸಿಲು ಯಾವುದೋ, ಅದರ ಅಂಕೆಯೇ ಆ ಪದರದ ಅಂಕೆ. ಇಷ್ಟೇ ಪರೀಕ್ಷೆ.

ಪೆನ್ಸಿಲಿನ ಕಡ್ಡಿ ಎಂದರೆ ಗ್ರಾಫೈಟಿಗೆ ಜೇಡಿಮಣ್ಣು ಬೆರೆಸಿ ಸುಟ್ಟದ್ದು; ಮಣ್ಣು ಹೆಚ್ಚಿದಷ್ಟೂ ‘ಎಚ್’ ಹೆಚ್ಚುತ್ತದೆ. ನಿಮ್ಮ ಕಾರಿನ ಮೇಲೆ ಕೂರುವ ರಸ್ತೆಯ ಧೂಳಿನಲ್ಲಿರುವುದು ಮರಳು, ಅಂದರೆ ಬೆಣಚುಕಲ್ಲಿನ ಪುಡಿ. ಮೋಸ್ ಮಾಪಕದಲ್ಲಿ ಅದಕ್ಕೆ 7. ಪೆನ್ಸಿಲಿನ ಕಡ್ಡಿಯನ್ನು ತಡೆದುಕೊಂಡ ಪದರವು ಬೆಣಚುಕಲ್ಲನ್ನೂ ತಡೆದುಕೊಳ್ಳುತ್ತದೆ ಎಂದು ಆ ಪರೀಕ್ಷೆ ಎಲ್ಲಿಯೂ ಹೇಳುವುದಿಲ್ಲ. ಬೆರಳಿನ ಚಿವುಟಿಗೆ ಅಳದ ಮಗು ಚೇಳಿನ ಕಡಿತಕ್ಕೂ ಅಳುವುದಿಲ್ಲ ಎಂದಂತಾಯಿತು ಈ ವಾದ.

ಇನ್ನು ದಪ್ಪದ ಲೆಕ್ಕ. ಕಾರ್ಖಾನೆಯಿಂದ ಬಂದ ಕಾರಿನ ಪೇಂಟು ಎಲ್ಲ ಪದರಗಳೂ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಇರುತ್ತದೆ. ಅದರಲ್ಲಿ ಮೇಲಿನ ಪಾರದರ್ಶಕ ಪದರ, ಅಂದರೆ ಕ್ಲಿಯರ್ ಕೋಟ್, 35ರಿಂದ 50 ಮೈಕ್ರಾನ್. ನಿಮ್ಮ ತಲೆಗೂದಲು ಅದಕ್ಕಿಂತ ದಪ್ಪವಿದ್ದೀತು. ಅದರ ಮೇಲೆ ಹಚ್ಚುವ ಸೆರಾಮಿಕ್ ಕೋಟಿಂಗ್ ಒಣಗಿದ ಮೇಲೆ ಉಳಿಯುವುದು ಒಂದು ಮೈಕ್ರಾನಿನ ಆಸುಪಾಸು. ಮೂರು ಕೋಟ್ ಹಾಕಿಸಿದರೂ ಕೆಲವೇ ಮೈಕ್ರಾನ್. ಮಡಿಸಿದ ಕಂಬಳಿಯ ಮೇಲೆ ಕರಿದ ಹಪ್ಪಳವನ್ನಿಟ್ಟು ಬೆರಳಿನಿಂದ ಒತ್ತಿ ನೋಡಿ. ಹಪ್ಪಳ ಗಡಸಾಗಿಯೇ ಇದೆ, ಆದರೆ ಅಡಿಯಲ್ಲಿರುವ ಕಂಬಳಿ ಕುಸಿಯುವುದರಿಂದ ಹಪ್ಪಳ ಮುರಿಯುತ್ತದೆ. ಮೆದುವಾದ ಕ್ಲಿಯರ್ ಕೋಟ್ ಮೇಲೆ ಕುಳಿತ ಗಡಸು ಪದರದ ಪಾಡೂ ಇದೇ.

ಹಾಗಾದರೆ ಕೋಟಿಂಗ್ ಎಂಬುದೇ ಮೋಸವೇ ಎಂದು ಕೆಲವರು ಮರುಪ್ರಶ್ನೆ ಹಾಕುತ್ತಾರೆ. ಮೋಸವಲ್ಲ, ನಾನೂ ಹಾಕುತ್ತೇನೆ, ಹಣವನ್ನೂ ಪಡೆಯುತ್ತೇನೆ. ಕೋಟಿಂಗ್ ಇದ್ದರೆ ಕೆಸರು ಬಿಗಿಯಾಗಿ ಅಂಟುವುದಿಲ್ಲ, ನೀರು ಹನಿಗಟ್ಟಿ ಜಾರುತ್ತದೆ, ಹಕ್ಕಿಯ ಹಿಕ್ಕೆಯೂ ಹೊಂಗೆ ಮರದಡಿ ನಿಲ್ಲಿಸಿದಾಗ ಬೀಳುವ ಅಂಟು ಹನಿಯೂ ಪೇಂಟನ್ನು ತಿನ್ನಲು ಸ್ವಲ್ಪ ಹೆಚ್ಚು ಕಾಲ ಹಿಡಿಯುತ್ತದೆ, ಹೊಳಪು ಬೇಗ ಮಾಸುವುದಿಲ್ಲ, ತೊಳೆಯುವ ಶ್ರಮ ಅರ್ಧವಾಗುತ್ತದೆ. ಗ್ರಾಹಕರಿಗೆ ಇಷ್ಟನ್ನೇ ಹೇಳಿ, ಇಷ್ಟಕ್ಕೇ ಹಣ ಕೇಳಿ. ಕಲ್ಲೇಟು ಮತ್ತು ಗೀರಿನಿಂದ ರಕ್ಷಣೆ ಬೇಕೆನ್ನುವವರಿಗೆ 150ರಿಂದ 200 ಮೈಕ್ರಾನ್ ದಪ್ಪದ ಪಿಪಿಎಫ್ ಎಂಬ ಪಾರದರ್ಶಕ ಫಿಲ್ಮು ಇದೆ. ಅದರ ಬೆಲೆ ಹಲವು ಪಟ್ಟು ಹೆಚ್ಚು, ಅಂಟಿಸುವ ಕೈಚಳಕ ಬರಲು ವರ್ಷಗಳು ಬೇಕು. ಮೊದಲ ದಿನವೇ ಮಾಡುವ ಕೆಲಸ ಅದಲ್ಲ.

‘ಐದು ವರ್ಷ’ದ ಮಾತೂ ಹೀಗೆಯೇ. ವಾರಂಟಿ ಕಾರ್ಡಿನ ಹಿಂಬದಿಯನ್ನು ಒಮ್ಮೆ ಓದಿ. ಸಾಮಾನ್ಯವಾಗಿ ಅಲ್ಲಿ ವರ್ಷಕ್ಕೊಮ್ಮೆಯೋ ಎರಡು ಬಾರಿಯೋ ಹಣ ಕೊಟ್ಟು ಮೇಂಟೆನೆನ್ಸ್ ಮಾಡಿಸಬೇಕೆಂಬ ಷರತ್ತು ಇರುತ್ತದೆ, ಗೀರು ಮತ್ತು ನೀರಿನ ಕಲೆ ವಾರಂಟಿಗೆ ಸೇರುವುದಿಲ್ಲವೆಂಬ ಸಾಲೂ ಇರುತ್ತದೆ. ನೀರಿನ ಕಲೆಯೇ ನಮ್ಮ ಬಯಲುಸೀಮೆಯ ದೊಡ್ಡ ಶತ್ರು. ಕೊಳವೆಬಾವಿಯ ಗಡಸು ನೀರಿನ ಹನಿ ಬಿಸಿಲಿನಲ್ಲಿ ಆರಿದಾಗ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳು ಬಿಳಿ ಉಂಗುರವಾಗಿ ಉಳಿಯುತ್ತವೆ. ಕೋಟಿಂಗ್ ಮೇಲೆ ನೀರು ದುಂಡಗೆ ಹನಿಗಟ್ಟುವುದರಿಂದ ಆ ಲವಣವೆಲ್ಲ ಒಂದೇ ಬಿಂದುವಿನಲ್ಲಿ ಸೇರಿ, ಒರೆಸದೆ ಬಿಟ್ಟರೆ ಕಲೆ ಇನ್ನೂ ಗಾಢವಾಗುತ್ತದೆ. ಬಣ್ಣ ಹೊಳೆಯಲೆಂದು ಹಣ ಕೊಟ್ಟವರಿಗೆ ಇದನ್ನು ಮೊದಲೇ ಹೇಳದಿದ್ದರೆ ಆಮೇಲೆ ನಿಮ್ಮ ಫೋನು ನಿಲ್ಲುವುದಿಲ್ಲ. ನಾನು ಮಾಡಿನಿಂದ ಇಳಿಯುವ ಮಳೆನೀರನ್ನು ತೊಟ್ಟಿಯಲ್ಲಿ ಹಿಡಿದಿಟ್ಟು, ಕೊನೆಯ ಸಲ ತೊಳೆಯುವುದಕ್ಕೆ ಮಾತ್ರ ಬಳಸುತ್ತೇನೆ.

ಒಂದು ಪ್ರಸಂಗ ಹೇಳುತ್ತೇನೆ. ಕಪ್ಪು ಬಣ್ಣದ ದೊಡ್ಡ ಕಾರೊಂದಕ್ಕೆ ನಾನೇ ಮೂರು ದಿನ ಕೂತು ಪಾಲಿಶ್ ಮಾಡಿ ಕೋಟಿಂಗ್ ಹಾಕಿದ್ದೆ. ಮೂರೇ ತಿಂಗಳಲ್ಲಿ ಬಾನೆಟ್ಟಿನ ತುಂಬ ಜೇಡರಬಲೆಯಂತಹ ಗೀರುಗಳೊಂದಿಗೆ ಅದು ಮರಳಿ ಬಂತು, ಮಾಲೀಕರು ಸಿಟ್ಟಾಗಿದ್ದರು. ವಿಚಾರಿಸಿದಾಗ ತಿಳಿದದ್ದು: ಅವರ ಅಪಾರ್ಟ್‌ಮೆಂಟಿನಲ್ಲಿ ದಿನವೂ ಬೆಳಗ್ಗೆ ಒಬ್ಬ ಹುಡುಗ ಒಂದೇ ಬಕೆಟ್ಟು ನೀರು, ಒಂದೇ ಬಟ್ಟೆಯಲ್ಲಿ ಇಪ್ಪತ್ತು ಕಾರುಗಳನ್ನು ಒರೆಸುತ್ತಾನೆ. ಮೊದಲ ಕಾರಿನ ಮರಳು ಇಪ್ಪತ್ತನೆಯ ಕಾರಿನ ಮೈಮೇಲೆ ಉಜ್ಜಿಸಿಕೊಳ್ಳುತ್ತದೆ. ಆ ಹುಡುಗನ ತಪ್ಪೇನೂ ಇಲ್ಲ, ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅವನನ್ನು ಅಂಗಡಿಗೆ ಕರೆಸಿ, ಎರಡು ಬಕೆಟ್ಟು ಇಟ್ಟುಕೊಂಡು ಒಂದರಲ್ಲಿ ಶಾಂಪೂ, ಇನ್ನೊಂದರಲ್ಲಿ ಬಟ್ಟೆ ಜಾಲಿಸುವ ನೀರು ಎಂದು ತೋರಿಸಿಕೊಟ್ಟೆ. ಅರ್ಧ ಡಜನ್ ಮೈಕ್ರೊಫೈಬರ್ ಬಟ್ಟೆಗಳನ್ನೂ ಕೊಟ್ಟೆ. ಈಗ ಆ ಅಪಾರ್ಟ್‌ಮೆಂಟಿನ ಕಾರುಗಳು ಇಲ್ಲಿಗೆ ಬರುವುದು ಅವನ ಮಾತಿನ ಮೇಲೆಯೇ.

ಆದ್ದರಿಂದ ‘ವಾಟರ್ ಸರ್ವಿಸ್‌ನಲ್ಲಿ ಗಿಟ್ಟುವುದಿಲ್ಲ’ ಎಂಬ ಸ್ನೇಹಿತರ ಮಾತನ್ನು ನಾನು ಒಪ್ಪುವುದಿಲ್ಲ. ಕೋಟಿಂಗ್ ಮಾಡಿಸುವವರು ವರ್ಷಗಳಿಗೊಮ್ಮೆ ಬರುತ್ತಾರೆ, ತೊಳೆಸುವವರು ತಿಂಗಳಿಗೆ ಎರಡು ಸಲ ಬರುತ್ತಾರೆ. ಬಾಡಿಗೆ, ಸಂಬಳ, ವಿದ್ಯುತ್ ಬಿಲ್ಲಿಗೆ ಬೇಕಾದ ಹಣ ಹುಟ್ಟುವುದು ಈ ಎರಡನೆಯವರಿಂದ. ಸಾಮಾನ್ಯ ಗ್ಯಾರೇಜುಗಳಲ್ಲಿ ಬನಿಯನ್ ವೇಸ್ಟ್ ಹಿಡಿದು ಸೋಪಿನ ಪುಡಿಯಲ್ಲಿ ಉಜ್ಜಿ ಕಳುಹಿಸುವಾಗ ನೀವು ಗೀರಿಲ್ಲದೆ ತೊಳೆದು, ಒಳಗಿನ ಸೀಟಿನ ವಾಸನೆ ತೆಗೆದು ಕೊಟ್ಟರೆ ನೂರೈವತ್ತು ರೂಪಾಯಿ ಹೆಚ್ಚು ಕೊಡುವವರು ಎಲ್ಲ ಊರುಗಳಲ್ಲೂ ಇದ್ದಾರೆ. ಇದರ ಜೊತೆಗೆ ವರ್ಷವರ್ಷವೂ ರಬ್ಬಿಂಗ್ ಪಾಲಿಶ್ ಮಾಡಿಸಿ ಎಂದು ಯಾರಿಗೂ ಹೇಳಬೇಡಿ. ಒರಟು ಕಾಂಪೌಂಡಿನಿಂದ ಉಜ್ಜಿದಾಗಲೆಲ್ಲ ಕ್ಲಿಯರ್ ಕೋಟಿನ ಆ 35–50 ಮೈಕ್ರಾನಿನಿಂದ ಕೆಲವು ಮೈಕ್ರಾನ್ ಹೋಗುತ್ತದೆ, ಹೋದದ್ದು ಮರಳಿ ಬೆಳೆಯುವುದಿಲ್ಲ.

ಕಾಗದಪತ್ರಗಳ ಬಗ್ಗೆ ಚುಟುಕಾಗಿ ಹೇಳುತ್ತೇನೆ. ನಗರಸಭೆ ಅಥವಾ ಪಂಚಾಯಿತಿಯ ಟ್ರೇಡ್ ಲೈಸೆನ್ಸ್, 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿ, ವಾಣಿಜ್ಯ ವಿದ್ಯುತ್ ಸಂಪರ್ಕ ಇವು ಬೇಕು. ಸಣ್ಣ ಉದ್ದಿಮೆಗಳಿಗೆ ಕೇಂದ್ರ ಸರ್ಕಾರ ಕೊಡುವ ಉದ್ಯಮ್ ನೋಂದಣಿಗೆ ಶುಲ್ಕವಿಲ್ಲ, ಅದಕ್ಕೆ ಹಣ ಕೇಳುವ ಮಧ್ಯವರ್ತಿಯ ಬಳಿಗೆ ಹೋಗಬೇಡಿ. ಸೇವೆಯ ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ದಾಟಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ವಾಣಿಜ್ಯ ತೆರಿಗೆ ಇಲಾಖೆಯ ನೋಟಿಸು ಬಂದದ್ದು ನಿಮಗೆ ನೆನಪಿರಬೇಕು, ಆದ್ದರಿಂದ ಮೊದಲ ದಿನದಿಂದಲೇ ಬಿಲ್ಲು ಪುಸ್ತಕ ಇಡಿ. ಸಾಲ ಬೇಕಾದರೆ ಮುದ್ರಾ ಯೋಜನೆಯ ಕಿಶೋರ್ ವಿಭಾಗದಲ್ಲಿ 50,000ದಿಂದ 5 ಲಕ್ಷ ರೂಪಾಯಿವರೆಗೆ ಬ್ಯಾಂಕಿನಲ್ಲಿ ಕೇಳಬಹುದು. ಎಣ್ಣೆ ಬೆರೆತ ನೀರು ಮಳೆನೀರಿನ ಚರಂಡಿಗೆ ಹೋಗಬಾರದು. ಗ್ರೀಸ್ ಹಿಡಿಯುವ ಗುಂಡಿ ಕಟ್ಟಿಸಿ, ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಯಲ್ಲಿ ಅನುಮತಿಯ ಬಗ್ಗೆ ನೆಲಕ್ಕೆ ಕಾಂಕ್ರೀಟ್ ಹಾಕಿಸುವ ಮೊದಲೇ ವಿಚಾರಿಸಿ. ನಿಮ್ಮ ಸೈಟು ಬೆಂಗಳೂರಿನಲ್ಲಿದ್ದರೆ ಇನ್ನೊಂದು ಎಚ್ಚರಿಕೆ: ಕುಡಿಯುವ ನೀರಿನಲ್ಲಿ ವಾಹನ ತೊಳೆಯುವುದನ್ನು ಜಲಮಂಡಳಿ 2024ರ ಮಾರ್ಚ್‌ನಲ್ಲಿ ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಮಾಡಿತು, ಮರುವರ್ಷವೂ ಅದೇ ಆದೇಶ ಬಂತು. ಗಂಟೆಗೆ 400 ಲೀಟರ್ ಹರಿಸುವ ಸಣ್ಣ ಪ್ರೆಶರ್ ವಾಷರನ್ನು ಹತ್ತು ನಿಮಿಷ ಬಳಸಿದರೆ 70 ಲೀಟರೂ ಖರ್ಚಾಗುವುದಿಲ್ಲ. ತೆರೆದ ಪೈಪು ಹಿಡಿದು ತೊಳೆಯುವ ಕಾಲ ಮುಗಿದಿದೆ.

ನೀವು ಕೇಳದ ಒಂದು ವಿಷಯವನ್ನೂ ಹೇಳಿಬಿಡುತ್ತೇನೆ, ಏಕೆಂದರೆ ನಮ್ಮ ಊರುಗಳಲ್ಲಿ ಅಂಗಡಿ ಇಡುವವರಿಗೆ ಇದು ಯಾವ ತರಬೇತಿಯಲ್ಲೂ ಸಿಗುವುದಿಲ್ಲ. ಆಯುಧಪೂಜೆಯ ಹಿಂದಿನ ಎರಡು ದಿನ ತೊಳೆಸುವವರ ಸಾಲು ರಸ್ತೆಯವರೆಗೆ ಬರುತ್ತದೆ, ಅದಕ್ಕೆ ಎಲ್ಲರೂ ಸಿದ್ಧರಾಗಿರುತ್ತಾರೆ. ಪೂಜೆಯ ನಂತರದ ವಾರಕ್ಕೆ ಯಾರೂ ಸಿದ್ಧರಾಗಿರುವುದಿಲ್ಲ. ಬಾನೆಟ್ಟಿನ ಮೇಲೆ ಗಂಧ, ಅರಿಶಿನ, ಕುಂಕುಮ ಒಣಗಿ ಕೂತಿರುತ್ತವೆ. ಬಾಳೆಕಂದು ಕಟ್ಟಿದ್ದ ಸೆಲ್ಲೊಟೇಪಿನ ಅಂಟು ಬಂಪರಿನ ಮೇಲೆ ಧೂಳು ಹಿಡಿದಿರುತ್ತದೆ. ಒಣಗಿದ ಗಂಧವನ್ನು ಉಗುರಿನಿಂದ ಕೆರೆಯುವವರೇ ಹೆಚ್ಚು, ಗೀರು ಬೀಳುವುದು ಆಗಲೇ. ಅದರ ಮೇಲೆ ಒದ್ದೆ ಬಟ್ಟೆ ಹಾಸಿ ಹತ್ತು ನಿಮಿಷ ನೆನೆಸಿದರೆ ತಾನಾಗಿ ಸಡಿಲಗೊಳ್ಳುತ್ತದೆ. ಅರಿಶಿನದ ಕಲೆಗೆ ಸೋಪಿನ ಪುಡಿಯ ನೀರು ಸೋಕಿದರೆ ಅದು ಕೆಂಪಾಗುತ್ತದೆ, ಇದು ಬಟ್ಟೆ ಒಗೆಯುವ ಎಲ್ಲರಿಗೂ ಗೊತ್ತಿರುವ ಸಂಗತಿ. ಕ್ಷಾರವಿಲ್ಲದ ಕಾರ್ ಶಾಂಪೂ ಹಾಕಿ ತೊಳೆದು ಬಿಸಿಲಿಗೆ ಬಿಟ್ಟರೆ ಉಳಿದ ಹಳದಿ ಬಿಸಿಲಿಗೇ ಮಾಸುತ್ತದೆ. ಕುಂಕುಮದ ಬಣ್ಣ ಹಟಮಾರಿ, ಅದರಲ್ಲೂ ಪೇಂಟಿಲ್ಲದ ಕಪ್ಪು ಪ್ಲಾಸ್ಟಿಕ್ ಭಾಗಗಳಲ್ಲಿ ಮತ್ತು ಬಿಳಿಯ ಸ್ಟಿಕ್ಕರುಗಳಲ್ಲಿ ಇಳಿದುಬಿಟ್ಟರೆ ಪೂರ್ತಿ ಹೋಗುವುದಿಲ್ಲ. ಆದ್ದರಿಂದ ಪೂಜೆಗೆ ಮುಂಚೆ ತೊಳೆಸಲು ಬರುವ ಪ್ರತಿಯೊಬ್ಬರಿಗೂ, ಕುಂಕುಮವನ್ನು ಗಾಜಿನ ಮೇಲಿಡಿ, ಹಾರದ ದಾರವನ್ನು ಎಳೆಯದೆ ಕತ್ತರಿಯಿಂದ ಕತ್ತರಿಸಿ ತೆಗೆಯಿರಿ ಎಂದು ಹೇಳಿಯೇ ಕೀಲಿಕೈ ಕೊಡುತ್ತೇನೆ. ಅರ್ಧ ಮಂದಿ ಮರೆಯುತ್ತಾರೆ. ಅವರಿಗಾಗಿ ದಸರೆಯ ಮರುದಿನದಿಂದ ನಾಲ್ಕು ದಿನ ಬೇರೆ ಯಾವ ಕೋಟಿಂಗ್ ಕೆಲಸವನ್ನೂ ನಾನು ಒಪ್ಪಿಕೊಳ್ಳುವುದಿಲ್ಲ.