ಒಂದು ಚುಕ್ಕೆ ಕೈಕೊಟ್ಟರೆ ಮಣ್ಣು ಕಣ್ಣಾಗುತ್ತದೆ

ಕಂಪ್ಯೂಟರಿನಲ್ಲಿರುವ ಬರಹವನ್ನು ಬೆರಳಿಗೆ ಸಿಗುವ ಚುಕ್ಕೆಗಳಾಗಿ ಎಬ್ಬಿಸುವ ಯಂತ್ರಕ್ಕೆ ಬ್ರೈಲ್ ಡಿಸ್‌ಪ್ಲೇ ಅಂತಾರೆ. 40 ಅಕ್ಷರದ ಡಿಸ್‌ಪ್ಲೇ ಬೇಕೆಂದರೆ ಸಾಮಾನ್ಯವಾಗಿ ಲಕ್ಷಗಳ ಲೆಕ್ಕ. ಅದೂ ತೋರಿಸುವುದು ಒಂದೇ ಸಾಲು!

ಒಳಗೆ ಇಣುಕಿದರೆ ಕಾರಣ ಗೊತ್ತಾಗುತ್ತದೆ. ಕಾಗದದ ಬ್ರೈಲ್‌ನಲ್ಲಿ ಒಂದು ಸೆಲ್‌ಗೆ, ಅಂದರೆ ಒಂದು ಅಕ್ಷರದ ಜಾಗಕ್ಕೆ, 6 ಚುಕ್ಕೆ, ಇಲ್ಲಿ 8. ಅಂದರೆ 40 ಸೆಲ್‌ಗೆ 320 ಪಿನ್ನು. ಪ್ರತಿ ಪಿನ್ನಿಗೂ ಪೀಜೋ ಸೆರಾಮಿಕ್‌ನ ಒಂದೊಂದು ತೆಳು ಪಟ್ಟಿ. ಅದಕ್ಕೆ ಸುಮಾರು 200 ವೋಲ್ಟ್ ಕೊಟ್ಟರೆ ತುದಿ ಬಾಗಿ ಪಿನ್ನನ್ನು ಮೇಲೆತ್ತುತ್ತದೆ. ಫೋನಿನ ಪರದೆಯ ಹಾಗೆ ಇದು ಕೋಟಿಗಟ್ಟಲೆ ತಯಾರಾಗುವ ಮಾಲಲ್ಲ. ಈ ಸೆಲ್ ಮಾಡುವ ಕಂಪನಿಗಳೇ ಬೆರಳೆಣಿಕೆಯಷ್ಟು. ಜಪಾನಿನ ಕೆಜಿಎಸ್, ಜರ್ಮನಿಯ ಮೆಟೆಕ್ ಅವುಗಳಲ್ಲಿ ಮುಖ್ಯವಾದವು.

ಇದನ್ನು ದಿನವಿಡೀ ಮುಟ್ಟುವುದು ಬರಿಗೈಯಲ್ಲಿ. ಬೆವರು, ಎಣ್ಣೆ ಜಿಡ್ಡು, ಧೂಳು ಎಲ್ಲ ಪಿನ್ನಿನ ತೂತಿಗೆ ಇಳಿಯುತ್ತವೆ. ಊಟ ಮಾಡಿ ಕೈ ತೊಳೆಯದೆ ಓದಲು ಕೂತರೆ ಕೇಳುವುದೇ ಬೇಡ. ಒಂದು ಪಿನ್ನು ಸಿಕ್ಕಿಕೊಂಡಿತು ಅಂದುಕೊಳ್ಳಿ. ಕನ್ನಡ ಬ್ರೈಲ್‌ನಲ್ಲಿ ‘ಮ’ ಅಂದರೆ 1, 3, 4ನೇ ಚುಕ್ಕೆಗಳು. ‘ಕ’ ಅಂದರೆ 1 ಮತ್ತು 3. ಮೊದಲ ಸೆಲ್‌ನ 4ನೇ ಚುಕ್ಕೆ ಏಳದಿದ್ದರೆ ಸಾಲಿನ ಮೊದಲಿಗೆ ಬಂದ ‘ಮಣ್ಣು’ ‘ಕಣ್ಣು’ ಆಗುತ್ತದೆ. ಅಂಕಿಯಲ್ಲಾದರೆ ಇನ್ನೂ ಕಷ್ಟ: 5ನೇ ಚುಕ್ಕೆ ಕೈಕೊಟ್ಟರೆ 8 ಇದ್ದದ್ದು 2. ಬ್ಯಾಂಕಿನ ಲೆಕ್ಕ ನೋಡುವವರ ಪಾಡೇನು?

ಅಗ್ಗ ಮಾಡುವ ಪ್ರಯತ್ನಗಳೂ ನಡೆದಿವೆ. 20 ಸೆಲ್‌ನ ಆರ್ಬಿಟ್ ರೀಡರ್ ಮೊದಲು ಮಾರಾಟಕ್ಕೆ ಬಂದಾಗ ಬೆಲೆ 500 ಡಾಲರ್ ಆಸುಪಾಸು. ಪೀಜೋ ಬಿಟ್ಟು ಬೇರೆ ದಾರಿ ಹಿಡಿದದ್ದರಿಂದ ಬೆಲೆ ಇಳಿಯಿತು, ಆದರೆ ಚುಕ್ಕೆಗಳು ಏಳುವುದು ನಿಧಾನ, ಸದ್ದೂ ಜಾಸ್ತಿ. ದೆಹಲಿ ಐಐಟಿಯವರು ಬಿಸಿಯಾದರೆ ಕುಗ್ಗುವ ಲೋಹದ ತಂತಿಯಿಂದ ಪಿನ್ನೆತ್ತುವ ಸೆಲ್ ಮಾಡಿದ್ದಾರೆ.

ಫೋನೇ ಓದಿ ಹೇಳುತ್ತಲ್ಲ, ಅದೂ ಬಿಟ್ಟಿಯಾಗಿ, ಅಂತ ಕೇಳುವವರಿದ್ದಾರೆ. ನಿಜ. ಆದರೆ ಕಾಗುಣಿತ, ಗಣಿತ ಕಲಿಯುವ ಮಗುವಿಗೆ ಬರೀ ಕಿವಿ ಸಾಲದು.

ನನ್ನ ಮಟ್ಟಿಗೆ, ಬೆಲೆಗಿಂತ ಮೊದಲು ಕೇಳಬೇಕಾದದ್ದು ರಿಪೇರಿಯ ವಿಷಯ. ಕೆಟ್ಟ ಸೆಲ್ ಒಂದನ್ನೇ ಬದಲಿಸಬಹುದಾ? ನಮ್ಮೂರಲ್ಲೇ ಆಗುತ್ತಾ, ಇಲ್ಲ ವಿದೇಶಕ್ಕೆ ಕಳಿಸಬೇಕಾ? ಕಳಿಸಿದರೆ ಅದು ವಾಪಸ್ ಬರುವವರೆಗೆ ಓದಲು ಬದಲಿ ಯಂತ್ರ ಕೊಡ್ತಾರಾ?