ಭೂಮಿಯ ಸೆಳೆತವನ್ನು ಮರೆಸುವ ಕಲೆ

ಬ್ಯಾಲೆ ಎಂದೊಡನೆ ಬಿಳಿಯ ಉಡುಗೆ ತೊಟ್ಟು ಕಾಲ್ಬೆರಳ ತುದಿಯ ಮೇಲೆ ನಿಂತ ತೆಳ್ಳನೆಯ ನರ್ತಕಿ ಕಣ್ಮುಂದೆ ಬರುತ್ತಾಳೆ. ಆದರೆ ಈ ಕಲೆಯ ಮೊದಲ ಶತಮಾನದಲ್ಲಿ ಆಕೆ ಎಲ್ಲೂ ಇರಲಿಲ್ಲ. ಕುಣಿಯುತ್ತಿದ್ದವರು ರಾಜರು, ಆಸ್ಥಾನಿಕರು. ಕಾಲಿಗೆ ಹಿಮ್ಮಡಿ ಎತ್ತರದ ಪಾದರಕ್ಷೆ, ಮೈಮೇಲೆ ಹೊರಲಾಗದಷ್ಟು ಜರತಾರಿ, ತಲೆಗೆ ಗರಿಗಳ ಶಿರೋಭೂಷಣ. ಹಗುರತನದ ಮಾತೇ ಇರಲಿಲ್ಲ.

ಇಟಲಿಯ ಅರಮನೆಗಳ ವಿಲಾಸ ನೃತ್ಯಕ್ಕೆ ಫ್ರಾನ್ಸಿನಲ್ಲಿ ನೆಲೆ ಒದಗಿಸಿದವಳು ಫ್ಲಾರೆನ್ಸಿನಿಂದ ಸೊಸೆಯಾಗಿ ಬಂದ ಕ್ಯಾಥರೀನ್ ದ ಮೆಡಿಚಿ. 1581ರಲ್ಲಿ ಪ್ಯಾರಿಸ್ಸಿನ ಅರಮನೆಯಲ್ಲಿ ಒಂದು ಮದುವೆಯ ಸಂಭ್ರಮಕ್ಕೆಂದು ನಡೆದ ‘ಬ್ಯಾಲೆ ಕೋಮಿಕ್ ದ ಲಾ ರೇನ್’ ಐದು ಗಂಟೆಗೂ ಹೆಚ್ಚು ಕಾಲ ಸಾಗಿತು. ಪ್ರೇಕ್ಷಕರಲ್ಲಿ ಅನೇಕರು ಮೊಗಸಾಲೆಗಳ ಮೇಲಿಂದ ಕೆಳಗೆ ನೋಡುತ್ತಿದ್ದರು. ಹಾಗಾಗಿ ನರ್ತಕರು ನೆಲದ ಮೇಲೆ ವೃತ್ತ, ಚೌಕ, ತ್ರಿಕೋನಗಳನ್ನು ಮೂಡಿಸುತ್ತಿದ್ದರು. ಮೇಲಿನಿಂದ ನೋಡುವವರಿಗೆ ಜಿಗಿತಕ್ಕಿಂತ ರೇಖಾಗಣಿತವೇ ಚೆಂದ.

1653ರಲ್ಲಿ ಹದಿನಾಲ್ಕರ ಹುಡುಗ, ಫ್ರಾನ್ಸಿನ ದೊರೆ ಹದಿನಾಲ್ಕನೆಯ ಲೂಯಿ ಉದಯಸೂರ್ಯನಾಗಿ ಕುಣಿದ. ಸಾಮಂತರ ಬಂಡಾಯ ಆಗಷ್ಟೇ ಅಡಗುತ್ತಿತ್ತು. ಯಾರ ಸುತ್ತ ಯಾರು ತಿರುಗಬೇಕು ಎಂಬುದನ್ನು ತಿಳಿಸಲು ಇದಕ್ಕಿಂತ ನಯವಾದ ದಾರಿ ಬೇರೆ ಇರಲಾರದು. 1661ರಲ್ಲಿ ಅವನೇ ರಾಜಾಶ್ರಯದ ನೃತ್ಯ ಅಕಾಡೆಮಿಯನ್ನು ಸ್ಥಾಪಿಸಿದ. ಅವನ ನೃತ್ಯಗುರು ಪಿಯೆರ್ ಬೊಶಾಂ ಪಾದಗಳ ಐದು ನಿಲುವುಗಳನ್ನು ಕ್ರಮಬದ್ಧಗೊಳಿಸಿದ. ಇಂದಿಗೂ ಬ್ಯಾಲೆಯ ಪಾಠ ಶುರುವಾಗುವುದು ಅವುಗಳಿಂದಲೇ.

ಐದೂ ನಿಲುವುಗಳಲ್ಲಿ ಪಾದಗಳು ಹೊರಮುಖವಾಗಿರುತ್ತವೆ. ನಮ್ಮ ಭರತನಾಟ್ಯದ ಅರಮಂಡಿಯಲ್ಲೂ ಹೀಗೆಯೇ. ಇದು ಕೇವಲ ಅಲಂಕಾರವಲ್ಲ. ಕಾಲನ್ನು ನೇರವಾಗಿಟ್ಟುಕೊಂಡು ಪಕ್ಕಕ್ಕೆ ಎತ್ತಿ ನೋಡಿ, ಸ್ವಲ್ಪ ಎತ್ತರಕ್ಕೇ ತಡೆ ಸಿಗುತ್ತದೆ: ತೊಡೆಮೂಳೆಯ ಮೇಲ್ತುದಿಯ ಉಬ್ಬು ಸೊಂಟದ ಮೂಳೆಯ ಕಡೆಗೆ ಸರಿದು ಅಡ್ಡ ಬರುತ್ತದೆ. ಕಾಲನ್ನು ಸೊಂಟದ ಕೀಲಿನಿಂದಲೇ ಹೊರಕ್ಕೆ ತಿರುಗಿಸಿದರೆ ಆ ಉಬ್ಬು ಹಿಂದಕ್ಕೆ ಸರಿದು ದಾರಿ ಬಿಡುತ್ತದೆ. ಎಷ್ಟು ತಿರುಗೀತು ಎಂಬುದನ್ನು ಮೂಳೆಯ ಆಕಾರ, ಕೀಲಿನ ಬಿಗಿ ನಿರ್ಧರಿಸುತ್ತವೆ. ಎರಡೂ ಪಾದಗಳು ಒಂದೇ ಗೆರೆಗೆ ಬರುವಷ್ಟು ತಿರುಗುವ ಸೊಂಟ ಅಪರೂಪ. ಸೊಂಟದಲ್ಲಿ ಬಾರದ್ದನ್ನು ಮಂಡಿ, ಕಣಕಾಲುಗಳನ್ನು ತಿರುಚಿ ಗಿಟ್ಟಿಸಿಕೊಳ್ಳುವ ವಿದ್ಯಾರ್ಥಿಗಳು ಮುಂದೆ ಮಂಡಿನೋವಿನಿಂದ ದಂಡ ತೆರುತ್ತಾರೆ.

ಹದಿನೆಂಟನೆಯ ಶತಮಾನದಲ್ಲಿ ನರ್ತಕಿ ಮರಿ ಕಮಾರ್ಗೋ ಪಾದದ ಕುಶಲತೆ ಕಾಣಲೆಂದು ಲಂಗವನ್ನು ಗಿಡ್ಡ ಮಾಡಿಕೊಂಡಳು. ಮುಂದಿನ ದೊಡ್ಡ ತಿರುವಿಗೆ ದೀಪವೂ ಕಾರಣ. 1822ರಲ್ಲಿ ಪ್ಯಾರಿಸ್ ಒಪೇರಾಕ್ಕೆ ಅನಿಲದೀಪ ಬಂತು. ಬೇಕಾದಂತೆ ಏರಿಸಿ ಇಳಿಸಬಹುದಾದ ಆ ಬೆಳಕಿನಲ್ಲಿ ರಂಗದ ಮೇಲೆ ಬೆಳದಿಂಗಳು ಸಾಧ್ಯವಾಯಿತು. ಬೆಳದಿಂಗಳ ಹಿಂದೆಯೇ ಯಕ್ಷಿಣಿಯರು, ಪ್ರೇತಕನ್ಯೆಯರು ಇಳಿದು ಬಂದರು. 1832ರ ‘ಲಾ ಸಿಲ್ಫೀಡ್’ನಲ್ಲಿ ಮರಿ ತಾಲ್ಯೋನಿ ಬೆರಳ ತುದಿಯಲ್ಲಿ ನಿಂತಾಗ ಅವಳ ಕಾಲಲ್ಲಿದ್ದದ್ದು ಅಂಚಿಗೆ ದಾರದ ಹೊಲಿಗೆ ಹಾಕಿದ ಮೆತ್ತನೆಯ ಸ್ಯಾಟಿನ್ ಪಾದರಕ್ಷೆ. ಆಧಾರವೆಲ್ಲ ಅವಳ ಸ್ನಾಯುಗಳದ್ದೇ.

ಆದರೆ ಅನಿಲದೀಪವೆಂದರೆ ಬೆಂಕಿ, ಯಕ್ಷಿಣಿಯ ಉಡುಗೆಯೆಂದರೆ ಗಾಳಿಯಾಡುವ ತೆಳು ಬಟ್ಟೆ. ತಾಲ್ಯೋನಿ ತನ್ನ ಶಿಷ್ಯೆ ಎಮ್ಮಾ ಲಿವ್ರಿಗಾಗಿ 1860ರಲ್ಲಿ ‘ಲ ಪಾಪಿಯೋಂ’ ಎಂಬ ಬ್ಯಾಲೆ ಸಂಯೋಜಿಸಿದಳು. ಅದರಲ್ಲಿ ಚಿಟ್ಟೆಯಾದ ನಾಯಕಿಯ ರೆಕ್ಕೆ ಪಂಜಿನ ಜ್ವಾಲೆಗೆ ಸುಡುತ್ತದೆ. ಬಟ್ಟೆಗೆ ಬೆಂಕಿ ತಗಲದಂತೆ ರಾಸಾಯನಿಕದಲ್ಲಿ ಅದ್ದುವ ವಿಧಾನ ಆಗಲೇ ಇತ್ತು. ಅದರಿಂದ ಬಟ್ಟೆ ಗಡುಸಾಗಿ ಮಂಕಾಗುತ್ತದೆಂದು ಲಿವ್ರಿ ನಿರಾಕರಿಸಿದಳು. 1862ರ ನವೆಂಬರ್‌ನಲ್ಲಿ ಒಂದು ತಾಲೀಮಿನ ವೇಳೆ ಅವಳ ಲಂಗಕ್ಕೆ ದೀಪದ ಕಿಡಿ ತಾಗಿತು. ಎಂಟು ತಿಂಗಳು ನರಳಿ ಅವಳು ತೀರಿಕೊಂಡಳು. ಹಗುರವಾಗಿ ಕಾಣುವ ಹಂಬಲಕ್ಕೆ ಇಷ್ಟು ಬೆಲೆ ಬೇಕಿತ್ತೇ ಎಂದು ನನಗೆ ಸಿಟ್ಟೇ ಬರುತ್ತದೆ.

ಶತಮಾನದ ಕೊನೆಗೆ ಬ್ಯಾಲೆಯ ರಾಜಧಾನಿ ಸೇಂಟ್ ಪೀಟರ್ಸ್‌ಬರ್ಗ್ ಆಗಿತ್ತು, ಅಧಿಪತಿ ಫ್ರಾನ್ಸಿನಿಂದ ಹೋದ ನೃತ್ಯ ಸಂಯೋಜಕ ಮರಿಯೂಸ್ ಪೆತಿಪಾ. ಆದರೆ ಅಲ್ಲಿನವರನ್ನು ಬೆರಗುಗೊಳಿಸಿದವಳು ಮಿಲಾನಿನ ಪಿಯೆರೀನಾ ಲೆನ್ಯಾನಿ. 1895ರ ‘ಸ್ವಾನ್ ಲೇಕ್’ನಲ್ಲಿ ಒಂಟಿಗಾಲಲ್ಲಿ 32 ಸುತ್ತು ತಿರುಗಿದಳು. ಅಷ್ಟು ಹೊತ್ತಿಗೆ ಇಟಲಿಯ ಕುಶಲಕರ್ಮಿಗಳು ಪಾದರಕ್ಷೆಯ ತುದಿಯನ್ನು ಗಟ್ಟಿ ಮಾಡಿದ್ದರು. ಇಂದಿನ ಪಾದರಕ್ಷೆಯ ಮೂತಿಯೂ ಬಟ್ಟೆ, ಕಾಗದ, ಅಂಟುಗಳ ಪದರವೇ. ಬೆವರಿಗೆ ಅಂಟು ಮೆದುವಾಗುವುದರಿಂದ ಪೂರ್ಣ ಪ್ರದರ್ಶನದಲ್ಲಿ ಪ್ರಮುಖ ನರ್ತಕಿಗೆ ಒಂದು ಜೊತೆ ಸಾಲದೆಯೂ ಹೋಗಬಹುದು. ಹೊಸದು ಬಂದೊಡನೆ ಅವರು ಅದನ್ನು ನೆಲಕ್ಕೆ ಕುಟ್ಟಿ, ಅಟ್ಟೆಯನ್ನು ಮಣಿಸಿ, ತುದಿಗೆ ಹೊಲಿಗೆ ಹಾಕಿ ಪಳಗಿಸಿಕೊಳ್ಳುತ್ತಾರೆ.

ಆ 32 ಸುತ್ತುಗಳ ಗುಟ್ಟು ಎತ್ತಿದ ಕಾಲಿನಲ್ಲಿದೆ. ಪ್ರತಿ ಸುತ್ತಿನಲ್ಲೂ ನರ್ತಕಿ ಪ್ರೇಕ್ಷಕರ ಕಡೆ ಮುಖ ಮಾಡಿ ಒಂದು ಕ್ಷಣ ನಿಂತಂತೆ ಕಾಣುತ್ತಾಳೆ. ಆಗಲೂ ಚಾಚಿದ ಕಾಲು ಮುಂದಿನಿಂದ ಪಕ್ಕಕ್ಕೆ ಬೀಸುತ್ತಲೇ ಇರುತ್ತದೆ. ತಿರುಗುವ ಚಲನೆಯೆಲ್ಲ ಅದರಲ್ಲಿ ಜಮೆಯಾಗಿರುತ್ತದೆ. ಕಾಲನ್ನು ಒಳಕ್ಕೆ ಎಳೆದುಕೊಂಡೊಡನೆ, ತಿರುಗುವ ಕುರ್ಚಿಯಲ್ಲಿ ಕೂತು ಚಾಚಿದ ಕೈ ಮಡಚಿಕೊಂಡಂತೆ, ಇಡೀ ದೇಹ ರಭಸದಿಂದ ಸುತ್ತುತ್ತದೆ. ಘರ್ಷಣೆಯಿಂದಾದ ನಷ್ಟವನ್ನು ನಿಂತ ಪಾದ ನೆಲವನ್ನು ಒತ್ತಿ ತುಂಬಿಕೊಳ್ಳುತ್ತದೆ.

ತಲೆ ಯಾಕೆ ಸುತ್ತುವುದಿಲ್ಲ? ನರ್ತಕಿ ಒಂದು ಬಿಂದುವನ್ನು ದಿಟ್ಟಿಸುತ್ತ ತಲೆಯನ್ನು ಆದಷ್ಟು ಹಿಂದೆ ಉಳಿಸಿ, ಕೊನೆಯಲ್ಲಿ ಸರಕ್ಕನೆ ತಿರುಗಿಸುತ್ತಾಳೆ ಎಂಬುದು ಹಳೆಯ ಉತ್ತರ. 2013ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಸಂಶೋಧಕರು 29 ನರ್ತಕಿಯರನ್ನೂ 20 ದೋಣಿ ಸ್ಪರ್ಧಾಳುಗಳನ್ನೂ ಕತ್ತಲಲ್ಲಿ ಕುರ್ಚಿಯ ಮೇಲೆ ತಿರುಗಿಸಿದರು. ದಿಟ್ಟಿಸಲು ಬಿಂದುವೇ ಇಲ್ಲದಾಗಲೂ ನರ್ತಕಿಯರಿಗೆ ಸುತ್ತುವ ಅನುಭವ ಬೇಗ ನಿಂತಿತು. ಒಳಕಿವಿಯ ಸಂಕೇತಗಳನ್ನು ನಿಭಾಯಿಸುವ ಉಪಮಸ್ತಿಷ್ಕದ ಒಂದು ಭಾಗ ಅವರಲ್ಲಿ ಚಿಕ್ಕದಾಗಿತ್ತು. ದೀರ್ಘಕಾಲದ ತಲೆಸುತ್ತಿನಿಂದ ಬಳಲುವವರ ಚಿಕಿತ್ಸೆಗೆ ಇದರಿಂದ ಏನಾದರೂ ಹೊಳೆಯಬಹುದೇ ಎಂಬುದು ಆ ಸಂಶೋಧಕರ ನಿರೀಕ್ಷೆ.